ಹಲ್ಲು ಕೀಳಿಸಿದ ಕುದುರೆಯ ಆರೈಕೆ

ಹೊಟ್ಟೆ ತುಂಬ ಮೇವು ಹಾಕಿದರೂ ಟಾಂಗಾ ಕುದುರೆ ಬಡಕಲಾಗುತ್ತಿದ್ದರೆ ಮೈಸೂರು, ಮಂಡ್ಯದ ಕಡೆ ಮೊದಲು ಹುರುಳಿ ಹೆಚ್ಚಿಸುತ್ತಾರೆ. ಅದಕ್ಕೂ ಮುಂಚೆ ಬಾಯಿ ನೋಡಬೇಕು. ಅರೆಯಲಾಗದ ಕುದುರೆಗೆ ಹಾಕಿದ ಹುರುಳಿ ಲದ್ದಿಯ ಪಾಲು. ಲದ್ದಿಯ ಒಂದು ಉಂಡೆ ಒಡೆದು ನೋಡಿ: ಇಡೀ ಕಾಳು, ಬೆರಳ ಗೆಣ್ಣುದ್ದದ ಹುಲ್ಲಿನ ಎಳೆ ಕಂಡರೆ ದವಡೆ ಹಲ್ಲು ಕೆಲಸ ಮಾಡುತ್ತಿಲ್ಲ.

ಕುದುರೆಯ ಹಲ್ಲು ವರ್ಷಕ್ಕೆ 2ರಿಂದ 3 ಮಿ.ಮೀ.ನಷ್ಟು ಒಸಡಿನಿಂದ ಮೇಲೇಳುತ್ತಲೇ ಇರುತ್ತದೆ, ಅರೆದಷ್ಟೂ ಸವೆಯುತ್ತದೆ. ಮೇಲ್ದವಡೆ ಅಗಲ, ಕೆಳದವಡೆ ಕಿರಿದು. ಹಾಗಾಗಿ ಮೇಲಿನ ಹಲ್ಲುಗಳ ಹೊರ ಅಂಚು ಸವೆಯದೆ ಚೂಪಾಗಿ ಕೆನ್ನೆ ಕೊರೆಯುತ್ತದೆ, ಕೆಳಗಿನವುಗಳ ಒಳ ಅಂಚು ನಾಲಿಗೆ ಕೊರೆಯುತ್ತದೆ. ಬಾಯೊಳಗೆ ಕೈ ಹಾಕಲು ಹೋಗಬೇಡಿ, ಬೆರಳು ಹೋದೀತು. ಹೊರಗಿನಿಂದಲೇ ಕೆನ್ನೆಯ ಮೇಲೆ ಅಂಗೈಯಿಟ್ಟು ಹಲ್ಲಿನ ಸಾಲಿನುದ್ದಕ್ಕೂ ಮೆಲ್ಲಗೆ ಒತ್ತಿ. ಕುದುರೆ ತಲೆ ಕಿತ್ತುಕೊಂಡರೆ ಅಲ್ಲೇ ನೋವಿದೆ.

ಮೇವಿನ ತೊಟ್ಟಿಯ ಬುಡದಲ್ಲಿ ಅರೆಬರೆ ಅಗಿದ ಹುಲ್ಲಿನ ಒದ್ದೆ ಮುದ್ದೆಗಳು ಬಿದ್ದಿರುವುದು, ತಲೆ ಓರೆ ಮಾಡಿ ಅಗಿಯುವುದು, ಕಡಿವಾಣಕ್ಕೆ ಬಾಯಿ ಕೊಡದಿರುವುದು ಇನ್ನುಳಿದ ಗುರುತುಗಳು. ಒಂದೇ ಮೂಗಿನ ಹೊಳ್ಳೆಯಿಂದ ನಾರುವ ಸಿಂಬಳ ಬಂದರೆ ಅದನ್ನು ನೆಗಡಿಯೆಂದು ಬಿಡಬಾರದು. ಮೇಲ್ದವಡೆಯ ಹಿಂದಿನ ಹಲ್ಲುಗಳ ಬೇರು ಮುಖದ ಮೂಳೆಯೊಳಗಿನ ಗಾಳಿಗೂಡಿಗೆ ತಾಗಿಕೊಂಡಿರುತ್ತದೆ. ಬೇರು ಕೀವಾದರೆ ಅದು ಮೂಗಿನ ದಾರಿ ಹಿಡಿಯುತ್ತದೆ. ಕೆಳಹಲ್ಲಿನ ಕೀವು ದವಡೆಯಡಿ ಗಂಟಾಗಿ ಒಡೆಯುತ್ತದೆ. ಆದರೆ ಮೂರು, ನಾಲ್ಕು ವರ್ಷದ ಕುದುರೆಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವಾಗ ದವಡೆಯಡಿ ನೋವಿಲ್ಲದ ಗಡ್ಡೆಗಳು ಏಳುವುದು ಸಹಜ.

ಅಂಚು ಚೂಪಾಗಿದೆಯೆಂದು ಹಲ್ಲು ಕೀಳಿಸುವುದಲ್ಲ, ಅದಕ್ಕೆ ಅರದಿಂದ ಉಜ್ಜಿಸಿದರೆ ಸಾಕು. ಬೇರು ಕೀವಾಗಿದ್ದರೆ, ಹಲ್ಲು ಸೀಳಿದ್ದರೆ, ಬುಡ ಅಲ್ಲಾಡುತ್ತಿದ್ದರೆ ಮಾತ್ರ ಕೀಳಿಸಬೇಕು. ಯಾವ ಹಲ್ಲು ಎಂಬುದು ಎಕ್ಸ್‌ರೇಯಿಂದ ತೀರ್ಮಾನವಾಗಲಿ. ಸ್ಥಳೀಯ ವೈದ್ಯರ ಬಳಿ ಸಲಕರಣೆ ಇಲ್ಲದಿದ್ದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಕುದುರೆಯನ್ನು ನಿಲ್ಲಿಸಿಕೊಂಡೇ ಮಂಪರು ಚುಚ್ಚುಮದ್ದು ಕೊಟ್ಟು, ನರ ಮರಗಟ್ಟಿಸಿ ಹಲ್ಲನ್ನು ಸಡಿಲಿಸುತ್ತಾ ಬರುತ್ತಾರೆ. ಎಳೆಯ ಕುದುರೆಯ ಹಲ್ಲು ಮೂಳೆಯೊಳಗೆ ಹಲವು ಸೆಂಟಿಮೀಟರ್ ಇಳಿದಿರುವುದರಿಂದ ಗಂಟೆಗಟ್ಟಲೆ ಹಿಡಿಯಬಹುದು. ಅವಸರ ಮಾಡಿಸಬೇಡಿ, ಅವಸರಕ್ಕೆ ಬೇರು ಮುರಿದು ಒಳಗೇ ಉಳಿಯುತ್ತದೆ. ಕಿತ್ತ ಹಲ್ಲನ್ನು ಕೇಳಿ ನೋಡಿ, ಬೇರಿನ ತುದಿ ಇಡಿಯಾಗಿರಬೇಕು. ಧನುರ್ವಾಯು ಕುದುರೆಗೆ ಬಹಳ ಬೇಗ ತಗಲುವ ರೋಗ. ಆರು ತಿಂಗಳ ಈಚೆಗೆ ಲಸಿಕೆ ಆಗಿರದಿದ್ದರೆ ಅಂದೇ ಹಾಕಿಸಿ.

ಮಂಪರು ಪೂರ್ತಿ ಇಳಿಯುವವರೆಗೆ, ಅಂದರೆ ಕುದುರೆ ತಲೆಯೆತ್ತಿ, ಕಿವಿಯಾಡಿಸಿ, ಸ್ಥಿರವಾಗಿ ನಡೆಯುವವರೆಗೆ ಹುಲ್ಲಿನ ಕಡ್ಡಿಯೂ ಸಿಗಬಾರದು. ಸಾಮಾನ್ಯವಾಗಿ ಎರಡು ಗಂಟೆ, ಕೆಲವಕ್ಕೆ ಹೆಚ್ಚು. ಅರೆಮಂಪರಿನಲ್ಲಿ ತಿಂದದ್ದು ಅನ್ನನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಎರಡೂ ಹೊಳ್ಳೆಗಳಿಂದ ಮೇವು ಬೆರೆತ ಜೊಲ್ಲು ಸುರಿದರೆ ಅದೇ ಗುರುತು. ಮೇವು ನೀರು ಎರಡನ್ನೂ ತೆಗೆದು ವೈದ್ಯರನ್ನು ಕರೆಸಿ. ಅವರು ಸಿಗದಿದ್ದರೆ ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಮೊದಲ ಊಟಕ್ಕೆ ಒಂದು ಕೆ.ಜಿ. ಗೋಧಿ ಬೂಸಾವನ್ನು ಮೂರು ಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಒಂದು ಚಮಚ ಉಪ್ಪು ಹಾಕಿ ಗಂಜಿಯಂತೆ ಕಲಸಿ ಕೊಡಿ. ಬಾಯಿಗೆ ಕಟ್ಟುವ ಚೀಲ ಬೇಡ, ನೆಲದ ಮೇಲೆ ಅಗಲವಾದ ಬಾಂಡ್ಲಿಯಲ್ಲಿಡಿ. ತಲೆ ತಗ್ಗಿಸಿ ತಿಂದರೆ ಕೀವು, ಸಿಂಬಳ ಹೊರಗೆ ಇಳಿದುಬರುತ್ತವೆ. ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪವೇ. ಮಾರನೆಯ ದಿನದಿಂದ ಸಣ್ಣಗೆ ಹೆಚ್ಚಿದ ಎಳೆಯ ಗರಿಕೆ, ಕುದುರೆ ಮಸಾಲೆ (ಲೂಸರ್ನ್) ಸೊಪ್ಪು. ಮೂರನೇ ದಿನದಿಂದ ಮೆತ್ತಗೆ ಬೇಯಿಸಿ ಹಿಸುಕಿದ ಹುರುಳಿಯನ್ನು ಒಂದೊಂದು ಹಿಡಿಯಿಂದ ಶುರುಮಾಡಿ. 300 ಕೆ.ಜಿ. ತೂಗುವ ಕುದುರೆಗೆ ದಿನಕ್ಕೆ ನಾಲ್ಕೂವರೆಯಿಂದ ಆರು ಕೆ.ಜಿ. ಒಣ ಮೇವಿನಷ್ಟು ಆಹಾರ ಬೇಕು. ಹಸಿ ಸೊಪ್ಪಿನಲ್ಲಿ ಬಹುಪಾಲು ನೀರೇ ಇರುವುದರಿಂದ ಅದರ ತೂಕವನ್ನು ಹಾಗೇ ಲೆಕ್ಕಕ್ಕೆ ಹಿಡಿಯಬೇಡಿ.

ಬೂಸಾ ಮೆತ್ತಗಿದೆಯೆಂದು ವಾರಗಟ್ಟಲೆ ಅದನ್ನೇ ಹಾಕುವುದು ದೊಡ್ಡ ತಪ್ಪು. ಅದರಲ್ಲಿ ರಂಜಕ (ಫಾಸ್ಫರಸ್) ವಿಪರೀತ, ಸುಣ್ಣದಂಶ (ಕ್ಯಾಲ್ಸಿಯಂ) ಬಹಳ ಕಡಿಮೆ. ಅಕ್ಕಿ ತೌಡೂ ಹಾಗೆಯೇ. ಮೈ ತನ್ನ ಮೂಳೆಯ ಸುಣ್ಣವನ್ನೇ ಕರಗಿಸಿಕೊಳ್ಳುತ್ತದೆ. ದವಡೆಯ ಮೂಳೆ ಊದಿ ಮಿದುವಾಗಿ ಉಳಿದ ಹಲ್ಲುಗಳೂ ಅಲ್ಲಾಡತೊಡಗುತ್ತವೆ. ಸುಣ್ಣದಂಶ ಹೆಚ್ಚಿರುವ ಕುದುರೆ ಮಸಾಲೆ ಸೊಪ್ಪು ಜೊತೆಗಿರಲೇಬೇಕೆನ್ನುವುದು ಇದಕ್ಕೇ. ಉದ್ದನೆಯ ಭತ್ತದ ಹುಲ್ಲು, ಕಬ್ಬಿನ ಸೋಗೆ, ಒಣ ರಾಗಿಹುಲ್ಲು ಎರಡು ವಾರ ದೂರವಿರಲಿ.

ಹಲ್ಲು ಕಿತ್ತ ಗುಳಿಯನ್ನು ವೈದ್ಯರು ಮೇಣದಂಥ ಬಿರಡೆಯಿಂದಲೋ ಔಷಧಿ ಬಟ್ಟೆಯಿಂದಲೋ ಮುಚ್ಚಿರುತ್ತಾರೆ. ಗುಳಿಯ ತಳದಿಂದ ಹೊಸ ಮಾಂಸ ತುಂಬುವವರೆಗೆ ಮೇವು ಒಳಹೋಗದಂತೆ ತಡೆಯುವುದು ಅದರ ಕೆಲಸ. ಬಿರಡೆ ಮೇವಿನ ತೊಟ್ಟಿಯಲ್ಲಿ ಬಿದ್ದಿದ್ದು ಕಂಡರೆ ತಿರುಗಿ ತುರುಕಬೇಡಿ, ವೈದ್ಯರಿಗೆ ತಿಳಿಸಿ. ಗುಳಿಗೆ ಸುಣ್ಣ, ಹೊಗೆಸೊಪ್ಪು, ಅರಿಶಿನ ತುಂಬುವುದು ಬೇಡವೇ ಬೇಡ, ಮಾಂಸ ಬೆಳೆಯುವ ಜಾಗವೇ ಸುಟ್ಟೋ ಕೊಳೆತೋ ಹೋಗುತ್ತದೆ. ವೈದ್ಯರು ಬಾಯಿ ತೊಳೆಯಲು ಹೇಳಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಕರಗಿಸಿ, ಸೂಜಿಯಿಲ್ಲದ ದೊಡ್ಡ ಸಿರಿಂಜ್‌ನ ತುದಿಯನ್ನು ತುಟಿಯ ಮೂಲೆಯಲ್ಲಿಟ್ಟು ನಿಧಾನಕ್ಕೆ ಬಿಡಿ. ಮೊದಲ ಎರಡು ದಿನ ಬೇಡ, ಹೆಪ್ಪುಗಟ್ಟಿದ ರಕ್ತ ಕಿತ್ತುಬರುತ್ತದೆ.

ನೋವಿನ ಮದ್ದನ್ನು ಮೇವಿನ ಜೊತೆಗೇ, ಹೇಳಿದ ಅಳತೆಯಲ್ಲೇ ಕೊಡಿ. ನೀರು ಕುಡಿಯದ ಕುದುರೆಗೆ ಅದು ಮೂತ್ರಪಿಂಡ ಕೆಡಿಸುತ್ತದೆ. ಮನುಷ್ಯರ ಡೈಕ್ಲೋಫೆನಾಕ್ ಮುಟ್ಟಬೇಡಿ. ಸತ್ತ ಪಶುವಿನ ಮಾಂಸ ತಿಂದ ರಣಹದ್ದುಗಳನ್ನು ಕೊಲ್ಲುತ್ತದೆಂದು ಪಶುಗಳಿಗೆ ಅದನ್ನು ಕೊಡುವುದು 2006ರಿಂದ ನಿಷಿದ್ಧ.

ದಿನಕ್ಕೆರಡು ಸಲ ಜ್ವರ ನೋಡಿ. 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್ ಸರಿ, 101.5 ದಾಟಿದರೆ ತಿಳಿಸಿ. ಲದ್ದಿ ಕಡಿಮೆಯಾಗಿ ಕುದುರೆ ಪಕ್ಕೆ ನೋಡಿಕೊಂಡರೆ, ನೆಲ ಕೆರೆದರೆ ಹೊಟ್ಟೆಶೂಲೆ. ಬಾಯಿನೋವಿಗೆ ನೀರು ಬಿಟ್ಟ ಕುದುರೆಗೆ ಇದು ಬರುವುದುಂಟು. ಜೊಲ್ಲಿನಲ್ಲಿ ಒಂದೆರಡು ದಿನ ಕೆಂಪು ಕಂಡರೆ ಹೆದರಬೇಡಿ. ವಾರದ ಮೇಲೆ ವಾಸನೆ ಹೆಚ್ಚುತ್ತಾ ಹೋದರೆ ಮಾತ್ರ ಮೂಳೆಯ ಚೂರೋ ಬೇರಿನ ತುಂಡೋ ಒಳಗಿದೆ ಎಂದುಕೊಳ್ಳಿ. ಮೂಗಿನಿಂದ ಬೂಸಾ ಬಂದರೆ ಗುಳಿಗೂ ಗಾಳಿಗೂಡಿಗೂ ತೂತು ಬಿದ್ದಿರಬಹುದು, ಅಂದೇ ತೋರಿಸಿ.

ಕಡಿವಾಣ ಎರಡು ಮೂರು ವಾರ ಬೇಡ. ಅಷ್ಟೂ ದಿನ ಗಾಡಿಯೂ ಬೇಡ. ದಸರೆಯ ಬಾಡಿಗೆಯ ದಿನಗಳಿಗೆ ಹೊಂದಿಸಿ ಹಲ್ಲು ಕೀಳಿಸುವ ದಿನ ಗೊತ್ತುಮಾಡಿಕೊಳ್ಳಿ. ಕೀಳಿಸಿ ಮರುವಾರ ಪ್ರವಾಸಿಗರನ್ನು ಕೂರಿಸಿಕೊಂಡು ಅರಮನೆ ಸುತ್ತಿಸುವುದು ಆ ಪ್ರಾಣಿಗೆ ಅನ್ಯಾಯ. ದವಡೆ ಹಲ್ಲಿನ ಗುಳಿ ಮುಚ್ಚಲು ಆರೆಂಟು ವಾರ ಹಿಡಿಯುತ್ತದೆ.

ಆಮೇಲೂ ಒಂದು ಕೆಲಸ ಉಳಿಯುತ್ತದೆ. ಖಾಲಿ ಜಾಗದ ಎದುರು ಹಲ್ಲಿಗೆ ಇನ್ನು ಉಜ್ಜಿಕೊಳ್ಳಲು ಜೋಡಿಯಿಲ್ಲ. ಅದು ಬೆಳೆದು ಎದುರಿನ ಒಸಡಿಗೆ ಚುಚ್ಚಿ ದವಡೆಯ ಆಟವನ್ನೇ ಕಟ್ಟಿಹಾಕುತ್ತದೆ. ಆರು ತಿಂಗಳಿಗೊಮ್ಮೆ ಅದನ್ನು ಉಜ್ಜಿಸಿ ತಗ್ಗಿಸುತ್ತಿರಬೇಕು, ಕುದುರೆ ಬದುಕಿರುವಷ್ಟು ಕಾಲ.