ಟೀ ಜೊತೆಗಿನ ಸಿಗರೇಟು ಬಿಟ್ಟಿದ್ದು ಹೀಗೆ

ಬೇರೆ ಹೊತ್ತಿನ ಸಿಗರೇಟು ಬಿಡುವುದು ನನಗೆ ಅಷ್ಟು ಕಷ್ಟವಾಗಲಿಲ್ಲ. ಟೀ ಅಂಗಡಿ ಮುಂದೆ ನಿಂತಾಗಿನದ್ದೇ ದೊಡ್ಡ ಪಾಡು. ಒಂದು ಕೈಯಲ್ಲಿ ಟೀ ಬಂದರೆ ಇನ್ನೊಂದು ಕೈ ತಾನಾಗಿಯೇ ಜೇಬಿಗೆ ಹೋಗುತ್ತಿತ್ತು.

ಸಿಗರೇಟು ಪ್ಯಾಕಿನ ಮೇಲೆ 1800-11-2356 ಅಂತ ನಂಬರ್ ಇರುತ್ತದೆ, ನೋಡಿರುತ್ತೀರಿ ಅಲ್ವಾ? ಅದು ತಂಬಾಕು ಬಿಡಲು ನೆರವಾಗುವ ಸಹಾಯವಾಣಿ. ಅದಕ್ಕೆ ಫೋನ್ ಮಾಡಿದೆ. ಕರೆಗೆ ದುಡ್ಡಿಲ್ಲ. ಬೈಯಲಿಲ್ಲ, ಭಾಷಣ ಮಾಡಲಿಲ್ಲ. ಯಾವ ಹೊತ್ತಿಗೆ ಆಸೆ ಜಾಸ್ತಿ ಅಂತ ಕೇಳಿ, ಬಿಡುವ ದಿನ ಗೊತ್ತು ಮಾಡಿಸಿದರು.

ನನಗೆ ತುಂಬಾ ನೆರವಾಗಿದ್ದು 2 ಮಿಲಿಗ್ರಾಂ ನಿಕೋಟಿನ್ ಗಮ್. ತಂಬಾಕಿನಲ್ಲಿ ಚಟ ಹಿಡಿಸುವ ನಿಕೋಟಿನ್ನನ್ನೇ ಸ್ವಲ್ಪ ಕೊಟ್ಟು ಸಿಗರೇಟಿನ ಆಸೆ ತಗ್ಗಿಸುವ ಗಮ್ ಇದು. ಇದನ್ನು ಸುಮ್ನೆ ಜಗಿಯುತ್ತಾ ಇರಬಾರದು. ನಿಧಾನವಾಗಿ ಜಗಿದು, ಬಾಯಿ ಚುರುಚುರು ಅಂದ ತಕ್ಷಣ ಕೆನ್ನೆಗೂ ವಸಡಿಗೂ ನಡುವೆ ಇಟ್ಟುಕೊಳ್ಳಬೇಕು. ಚುರುಚುರು ಇಳಿದ ಮೇಲೆ ಮತ್ತೆ ಜಗಿಯಬೇಕು. ಸುಮಾರು ಅರ್ಧ ಗಂಟೆ ಹೀಗೇ. ನಿಕೋಟಿನ್ ಮೈಗೆ ಸೇರುವುದು ಬಾಯಿಯ ಒಳಚರ್ಮದಿಂದ. ಗಬಗಬ ಜಗಿದು ಜೊಲ್ಲು ನುಂಗಿದರೆ ಬಿಕ್ಕಳಿಕೆ, ಹೊಟ್ಟೆ ತೊಳಸುವುದು ಶುರು. ಕಾಫಿ, ಜ್ಯೂಸ್ ಕುಡಿದಿದ್ದರೆ 15 ನಿಮಿಷ ತಡೆಯಿರಿ, ಇಲ್ಲದಿದ್ದರೆ ಗಮ್ ಸರಿಯಾಗಿ ಹಿಡಿಯುವುದಿಲ್ಲ. ಹೃದಯದ ತೊಂದರೆ ಇರುವವರು, ಬಸುರಿಯರು ಡಾಕ್ಟರನ್ನು ಕೇಳದೆ ತಗೋಬೇಡಿ.

ಟೀ ಬಿಡಲಿಲ್ಲ. ಅಂಗಡಿ ಬಿಟ್ಟೆ. ಫ್ಲಾಸ್ಕಿನಲ್ಲಿ ತಂದು ಆಫೀಸಿನಲ್ಲೇ ಕುಡಿಯುತ್ತೇನೆ. ಮೊದಲ ವಾರ ಸಿಡುಕು ಜಾಸ್ತಿ, ನಿದ್ದೆಯೂ ಕೆಡುತ್ತದೆ. ಮನೆಯವರಿಗೆ ಮುಂಚೆಯೇ ಹೇಳಿಟ್ಟಿರಿ.