ಡಿಸ್ಚಾರ್ಜ್ ಆಗಿ ಮನೆಗೆ ಬಂದ್ಮೇಲೆ ಹಸುಗೂಸಿನ ಮೊದಲ ಹತ್ತು ದಿನ

ನಮ್ಮ ಕೋಲಾರದ ಕಡೆ ಈಗ ಹೆರಿಗೆ ಹೆಚ್ಚುಕಮ್ಮಿ ಆಸ್ಪತ್ರೆಲೇ ಆಗುತ್ತೆ, ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ ಆಗ್ಲಿ ತಾಲೂಕು ಆಸ್ಪತ್ರೆ ಆಗ್ಲಿ, ಅಲ್ಲಿರೋವರ್ಗೂ ನರ್ಸಮ್ಮಂದಿರು ಇರ್ತಾರೆ. ತಲೆನೋವು ಶುರುವಾಗೋದು ತವರುಮನೆಗೆ ಬಂದ್ಮೇಲೆ, ಅಜ್ಜಿ ಒಂದು ಹೇಳ್ತಾರೆ, ಪಕ್ಕದ್ಮನೆಯವ್ರು ಇನ್ನೊಂದು, ಮೊಬೈಲು ಮತ್ತೊಂದು. ನನ್ ಕೇಳಿದ್ರೆ ಈ ಹತ್ತು ದಿನ ಮಾಡೋದಕ್ಕಿಂತ ಮಾಡ್ದೆ ಬಿಡೋದೇ ಜಾಸ್ತಿ ಇರುತ್ತೆ.

ಮೊದಲು ಹಾಲಿನ ವಿಷಯ. ಶುರುನಲ್ಲಿ ಬರೋ ಹಳದಿ ಗಟ್ಟಿ ಹಾಲನ್ನ ಹಿಂಡಿ ಚೆಲ್ಬೇಡಿ, ಮಗುಗೆ ರೋಗ ತಡ್ಕೊಳ್ಳೋ ಶಕ್ತಿ ಕೊಡೋದೇ ಅದು. ಜೇನುತುಪ್ಪ, ಸಕ್ಕರೆ ನೀರು, ಬಜೆ, ಗ್ರೈಪ್ ವಾಟರ್, ಹಸುವಿನ ಹಾಲು ಯಾವ್ದೂ ಬೇಡ, ಆರು ತಿಂಗಳವರೆಗೆ ನೀರೂ ಬೇಡ, ಏಪ್ರಿಲ್ ಬಿಸಿಲಲ್ಲೂ ಬೇಡ. ಜೇನುತುಪ್ಪ ಅಂತೂ ಒಂದು ವರ್ಷ ತುಂಬೋವರ್ಗೂ ನಾಲಿಗೆಗೆ ಸವರಲೂಬಾರ್ದು. ದಿನಕ್ಕೆ 8ರಿಂದ 12 ಸಲ ಕುಡಿಸಿ, ರಾತ್ರಿನೂ ಸೇರಿ. ಬರೀ ತೊಟ್ಟು ಬಾಯಿಗಿಟ್ರೆ ಆಗಲ್ಲ, ಮಗು ಬಾಯಿ ಅಗಲವಾಗಿ ತೆರೆದಾಗ ಸುತ್ತ ಇರೋ ಕಪ್ಪು ಭಾಗನೂ ಒಳಗೆ ಹೋಗ್ಬೇಕು, ಗದ್ದ ಎದೆಗೆ ತಾಕ್ಬೇಕು, ಇಲ್ದಿದ್ರೆ ತೊಟ್ಟು ಬಿರಿದು ತಾಯಿ ಅಳ್ತಾಳೆ ಹೊಟ್ಟೆ ತುಂಬ್ದೆ ಮಗು ಅಳುತ್ತೆ. ಹಾಲು ಸಾಲ್ತಿಲ್ಲ ಅಂತ ಯಾರಾದ್ರೂ ಅಂದ್ರೆ ಬಟ್ಟೆ ಎಣಿಸಿ, 5ನೇ ದಿನದ್ಮೇಲೆ ದಿನಕ್ಕೆ 6 ಸಲನಾದ್ರೂ ಉಚ್ಚೆ ಹೊಯ್ದು, ತೂಕನೂ ಏರ್ತಾ ಇದ್ರೆ ಸಾಕಾಗ್ತಿದೆ ಅಂತ ಅರ್ಥ. ಮೊದಲ ಕೆಲವು ದಿನ ತೂಕ ಸ್ವಲ್ಪ ಇಳಿಯೋದು ಮಾಮೂಲಿ, ಎರಡು ವಾರದೊಳಗೆ ವಾಪಸ್ ಬರ್ಬೇಕು.

ಹೊಕ್ಕುಳ ಬಳ್ಳಿಗೆ ಅರಿಶಿಣ, ವಿಭೂತಿ, ಎಣ್ಣೆ ಏನೂ ಹಚ್ಚಬೇಡಿ. ಒಣಗಿ ಕಪ್ಪಾಗಿ ಒಂದೆರಡು ವಾರದಲ್ಲಿ ತಾನೇ ಬೀಳುತ್ತೆ, ಲಂಗೋಟಿನ ಅದರ ಕೆಳಗೆ ಮಡಿಚಿ ಕಟ್ಟಿ, ಅಷ್ಟೇ.

ನೀರು ಹಾಕೋ ವಿಷಯಕ್ಕೆ ಅಜ್ಜಿ ಜೊತೆ ಜಗಳ ಆಗೇ ಆಗುತ್ತೆ! ಎಣ್ಣೆ ಹಚ್ಚೋದು ಅವ್ರಿಗೇ ಬಿಡಿ, ಮೆಲ್ಲಗೆ ಹಚ್ಚಿದ್ರೆ ತಪ್ಪೇನಿಲ್ಲ, ಆದ್ರೆ ಕಿವಿ ಮೂಗಿಗೆ ಎಣ್ಣೆ ಬಿಡೋದು, ಮೂಗಿಗೆ ಊದೋದು, ಕಣ್ಣಿಗೆ ಕಾಡಿಗೆ, ಮುಚ್ಚಿದ ರೂಮಲ್ಲಿ ಸಾಂಬ್ರಾಣಿ ಹೊಗೆ, ಇವು ಬೇಡ ಅಂತ ಮೊದಲೇ ಹೇಳ್ಬಿಡಿ. ಬಳ್ಳಿ ಬೀಳೋವರ್ಗೂ ಒದ್ದೆ ಬಟ್ಟೆಲಿ ಒರೆಸಿದ್ರೆ ಸಾಕು. ಡಿಸೆಂಬರ್ ಚಳಿಲಿ ಹುಟ್ಟಿದ ಮಗು ಆದ್ರೆ ತಲೆಗೆ ಟೋಪಿ ಇರ್ಲಿ, ತೂಕ ಎರಡೂವರೆ ಕೇಜಿಗಿಂತ ಕಮ್ಮಿ ಇದ್ರೆ ತಾಯಿ ಬರಿ ಎದೆ ಮೇಲೆ ಒರಗಿಸ್ಕೊಂಡು ಮೇಲೆ ಸೆರಗು ಹೊದ್ದ್ಕೊಳ್ಳೋದು ಒಳ್ಳೇದು, ಅಪ್ಪನೂ ಹಾಗೆ ಮಾಡ್ಬಹುದು ನಾಚ್ಕೋಬೇಕಿಲ್ಲ.

ಬಾಣಂತಿಗೆ ನೀರು ಕೊಡದೆ ಒಣಗಿಸೋ ಪದ್ಧತಿ ಇನ್ನೂ ಇದೆ. ಅವಳಿಗೆ ದಾಹ ಆದಾಗೆಲ್ಲ ನೀರು ಕೊಡಿ, ಮುದ್ದೆ ಸೊಪ್ಪಿನ ಸಾರು ಬೇಳೆ ಮೊಟ್ಟೆ ಎಲ್ಲ ತಿನ್ಲಿ.

ಕಾಮಾಲೆ ನೋಡೋದು ಹೀಗೆ: ಹಗಲು ಬೆಳಕಲ್ಲಿ ಬೆರಳಿಂದ ಚರ್ಮ ಒತ್ತಿ ಬಿಡಿ, ಕೆಳಗೆ ಹಳದಿ ಕಾಣುತ್ತೆ. ಮುಖ ಎದೆಲಿ ಸ್ವಲ್ಪ ಇದ್ರೆ ಆಶಾ ಕಾರ್ಯಕರ್ತೆಗೆ ತೋರ್ಸಿ, ಅಂಗೈ ಅಂಗಾಲು ಹಳದಿ ಆದ್ರೆ, ಅಥವಾ ಹುಟ್ಟಿದ ದಿನವೇ ಹಳದಿ ಕಂಡ್ರೆ ತಡ ಮಾಡ್ದೆ ಆಸ್ಪತ್ರೆಗೆ ಕರ್ಕೊಂಡೋಗಿ, ಬೆಳಗಿನ ಬಿಸಿಲಿಗೆ ಹಿಡಿದ್ರೆ ಹೋಗುತ್ತೆ ಅಂತ ಕೂರ್ಬೇಡಿ. ಹಾಲು ಕುಡಿಯೋದು ಬಿಟ್ರೆ, ಮೈ ಸುಟ್ರೆ ಅಥವಾ ತಣ್ಣಗಾದ್ರೆ, ಫಿಟ್ಸ್ ಬಂದ್ರೆ, ನಿಮಿಷಕ್ಕೆ 60 ಸಲ ಅಥವಾ ಅದಕ್ಕಿಂತ ಜಾಸ್ತಿ ಉಸಿರಾಡಿದ್ರೆ, ಎದೆ ಒಳಗೆ ಎಳ್ಕೊಂಡ್ರೆ, ಹೊಕ್ಕುಳ ಸುತ್ತ ಕೆಂಪಾಗಿ ಕೀವು ಬಂದ್ರೆ 108ಕ್ಕೆ ಫೋನ್ ಮಾಡಿ. ತಾಯಿಗೆ ಜ್ವರ, ಜೋರು ರಕ್ತಸ್ರಾವ, ತಲೆ ಸಿಡಿಯೋಹಂಗೆ ನೋವು ಬಂದ್ರೂ ಅಷ್ಟೇ.

ಆಸ್ಪತ್ರೆ ಹೆರಿಗೆ ಆದ್ರೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರ್ಬೇಕು, ಗಂಡನ ಮನೆ ಬಿಟ್ಟು ತವರಿಗೆ ಬಂದಿದ್ರೆ ಅಲ್ಲಿನವ್ರಿಗೆ ಗೊತ್ತಿರಲ್ಲ, ಊರಿಗೆ ಬಂದ ದಿನವೇ ನೀವೇ ಹೇಳಿ ಕಳ್ಸಿ. ತಾಯಿ ಕಾರ್ಡು, ಡಿಸ್ಚಾರ್ಜ್ ಚೀಟಿ ಒಂದೇ ಕವರಲ್ಲಿ ಬಾಗಿಲ ಹತ್ರ ಇಟ್ಕೊಂಡಿರಿ.