ತುಮಕೂರಿನಿಂದ ಪಣಜಿ ಕಾರ್ನಿವಲ್‌ಗೆ ಒಬ್ಬರೇ ಕಾರಿನಲ್ಲಿ ಹೋಗುವುದು ಹೇಗೆ

ಗೋವಾಕ್ಕೆ ಯಾವಾಗ ಬೇಕಾದರೂ ಹೋಗಬಹುದು. ಆದರೆ ಒಬ್ಬರೇ ಗಾಡಿ ಓಡಿಸಿಕೊಂಡು ಹೋಗುವುದಾದರೆ ಕಾರ್ನಿವಲ್ ಶನಿವಾರಕ್ಕೇ ಹೋಗಿ ಅಂತ ನಾನು ಹೇಳುತ್ತೇನೆ. ಆ ದಿನ ಪಣಜಿಯ ಬೀದಿಗಳಲ್ಲಿ ಹಬ್ಬದ ಮೆರವಣಿಗೆ, ಅಲ್ಲಿ ಯಾರೂ ಒಂಟಿಯಲ್ಲ. ಪಕ್ಕದಲ್ಲಿ ನಿಂತವರೇ ಕೈ ಹಿಡಿದು ಕುಣಿಸುತ್ತಾರೆ. ಕುಣಿಯಲು ಮೈಯಲ್ಲಿ ಶಕ್ತಿ ಉಳಿದಿರಬೇಕು ಅಷ್ಟೇ. ದಾರಿಯಲ್ಲಿ ನಾನು ಮಾಡುವುದೆಲ್ಲ ಆ ಶಕ್ತಿ ಉಳಿಸಿಕೊಳ್ಳುವುದಕ್ಕೇ.

ಮೊದಲು ದಿನಾಂಕ. ಈಸ್ಟರ್ ಭಾನುವಾರಕ್ಕೆ 46 ದಿನ ಮುಂಚಿನ ಬುಧವಾರ ಕ್ರೈಸ್ತರ ಉಪವಾಸದ ದಿನಗಳು ಶುರುವಾಗುತ್ತವೆ. ಅದಕ್ಕೆ ಮುಂಚಿನ ಶನಿವಾರದಿಂದ ಮಂಗಳವಾರದವರೆಗೆ ಕಾರ್ನಿವಲ್. 2027ರಲ್ಲಿ ಆ ಶನಿವಾರ ಫೆಬ್ರವರಿ 6. ರೂಮು ತಿಂಗಳುಗಟ್ಟಲೆ ಮುಂಚೆಯೇ ಹಿಡಿಯಿರಿ.

ದಾರಿ ಸುಮಾರು 600 ಕಿ.ಮೀ. ಒಂದೇ ದಿನಕ್ಕೆ ಮುಗಿಸುವವರಿದ್ದಾರೆ, ನೀವು ಮುಗಿಸಬೇಡಿ. ಶುಕ್ರವಾರ ಬೆಳಗ್ಗೆ ಐದಕ್ಕೆ ಹೊರಡಿ, ರಾತ್ರಿ ಕಾರವಾರದಲ್ಲಿ ಮಲಗಿ. ಬೆಂಗಳೂರಿನವರು ಇನ್ನೂ ಒಂದೂವರೆ ಗಂಟೆ ಮುಂಚೆ ಹೊರಡಬೇಕು. ಹಿಂದಿನ ದಿನವೇ ಟೈರುಗಳ ಗಾಳಿ ನೋಡಿಸಿ, ಸ್ಟೆಪ್ನಿಯದ್ದೂ ಸೇರಿಸಿ. ಫಾಸ್ಟ್ಯಾಗ್‌ಗೆ ದುಡ್ಡು ಹಾಕಿ. ಹೈವೇಯಲ್ಲಿ ತೊಂದರೆಯಾದರೆ 1033, ಬೇರೆ ಏನೇ ಆದರೂ 112. ಮನೆಯಲ್ಲಿ ಒಬ್ಬರಿಗೆ ಲೈವ್ ಲೊಕೇಶನ್ ಕಳಿಸಿಡಿ. ನಾನು ನನ್ನ ತಂಗಿಗೆ ಕಳಿಸುತ್ತೇನೆ, ಅವಳು ಪದೇ ಪದೇ ಫೋನ್ ಮಾಡುವುದಿಲ್ಲ.

ಹಿರಿಯೂರು, ಚಿತ್ರದುರ್ಗದ ರಸ್ತೆ ಚೆನ್ನಾಗಿದೆ. ಚೆನ್ನಾಗಿರುವುದೇ ಅದರ ತೊಂದರೆ. ನೇರ ರಸ್ತೆ, ಒಂದೇ ವೇಗ, ಮಾತಾಡಲು ಯಾರೂ ಇಲ್ಲ. ಕಣ್ಣು ತಾನಾಗಿಯೇ ಮಂಕಾಗುತ್ತದೆ. ಎರಡು ಗಂಟೆಗೊಮ್ಮೆ ಇಳಿದು ನಡೆಯಲೇಬೇಕು, ಸುಸ್ತಾಗದಿದ್ದರೂ. ಹೆಣ್ಣುಮಕ್ಕಳು ದೊಡ್ಡ ಪೆಟ್ರೋಲ್ ಬಂಕ್‌ಗಳಲ್ಲೇ ನಿಲ್ಲಿಸಿ. ಶೌಚಾಲಯ, ಬೆಳಕು, ಜನ ಮೂರೂ ಇರುತ್ತವೆ. ನೀರು ಕುಡಿಯುವುದನ್ನು ಮಾತ್ರ ಕಡಿಮೆ ಮಾಡಬೇಡಿ. ಶೌಚಾಲಯದ ಭಯಕ್ಕೆ ನೀರು ಬಿಟ್ಟರೆ ಮಧ್ಯಾಹ್ನಕ್ಕೆ ತಲೆನೋವು ಬರುತ್ತದೆ.

ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿನ್ನಿ, ಹೊಟ್ಟೆ ತುಂಬ ತಿನ್ನಿ. ಹುಬ್ಬಳ್ಳಿಯ ಊಟ ಮಾತ್ರ ಹಗುರವಾಗಿರಲಿ. ಎರಡು ರೊಟ್ಟಿ, ಎಣಗಾಯಿ, ಮಜ್ಜಿಗೆ ಸಾಕು. "ಒಬ್ರೇ ಬಂದೀರೇನ್ರೀ ಅಕ್ಕಾರ?" ಅಂತ ಖಾನಾವಳಿಯಲ್ಲಿ ಕೇಳುತ್ತಾರೆ. ಹೌದು ಅನ್ನಿ. ಆ ಪ್ರಶ್ನೆಯಲ್ಲಿ ಕಾಳಜಿಯೇ ಜಾಸ್ತಿ, ಮುಂದಿನ ರಸ್ತೆ ಹೇಗಿದೆ ಅಂತ ಅವರೇ ಹೇಳುತ್ತಾರೆ. ಊಟವಾದ ಮೇಲೆ ನೆರಳಿನಲ್ಲಿ, ಜನ ಓಡಾಡುವ ಕಡೆ ಗಾಡಿ ನಿಲ್ಲಿಸಿ, ಡೋರ್ ಲಾಕ್ ಮಾಡಿ, ಕಿಟಕಿ ಸ್ವಲ್ಪ ಇಳಿಸಿ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ. ಇದನ್ನು ನಾನು ಎಂದೂ ತಪ್ಪಿಸುವುದಿಲ್ಲ.

ಏಕೆಂದರೆ ಮುಂದಿರುವುದೇ ನಿಜವಾದ ಕೆಲಸ. ಕಲಘಟಗಿ ದಾಟಿದರೆ ಯಲ್ಲಾಪುರ, ಆಮೇಲೆ ಅರಬೈಲ್ ಘಾಟಿ. ಅಂಕೋಲಾ ಕಡೆಯ ಲಾರಿಗಳೆಲ್ಲ ಇದೇ ದಾರಿಯಲ್ಲಿ ಇಳಿಯುತ್ತವೆ. ಕಾಡಿನಲ್ಲಿ ನೆಟ್‌ವರ್ಕ್ ಬಂದು ಹೋಗುತ್ತದೆ, ಮ್ಯಾಪ್ ಮೊದಲೇ ಇಳಿಸಿಟ್ಟುಕೊಳ್ಳಿ. ಇಳಿಜಾರಿನಲ್ಲಿ ಎರಡನೇ ಗೇರ್‌ನಲ್ಲಿರಿ, ವೇಗವನ್ನು ಇಂಜಿನ್ನೇ ಹಿಡಿಯಲಿ. ಬ್ರೇಕ್ ತುಳಿದುಕೊಂಡೇ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಹತ್ತುವ ಗಾಡಿಗೆ ದಾರಿ ಬಿಡಿ. ತಿರುವಿನಲ್ಲಿ ಹಾರ್ನ್ ಮಾಡಿ. ಹಿಂದಿನವನು ಎಷ್ಟೇ ಲೈಟ್ ಹಾಕಿದರೂ ಲಾರಿಯನ್ನು ಹಿಂದೆ ಹಾಕಲು ಹೋಗಬೇಡಿ. ಈ ಘಾಟಿಯನ್ನು ಬೆಳಕಿನಲ್ಲೇ ಇಳಿಯಬೇಕು. ಹಾಗಾಗಿ ಯಲ್ಲಾಪುರಕ್ಕೆ ನಾಲ್ಕು ಗಂಟೆ ದಾಟಿ ತಲುಪಿದರೆ ಅಲ್ಲೇ ರೂಮು ಮಾಡಿ.

ಕಾರವಾರದಲ್ಲಿ ಮೀನೂಟ, ಸಮುದ್ರದ ದಂಡೆಯಲ್ಲಿ ಒಂದು ನಡಿಗೆ, ನಿದ್ದೆ. ಬೆಳಗ್ಗೆ ಮಾಜಾಳಿ ದಾಟಿದರೆ ಪೊಳೆಂ, ಗೋವಾ ಶುರು. ಕಾಣಕೋಣದ ನಂತರದ ಕರ್ಮಲ್ ಘಾಟಿ ಚಿಕ್ಕದು, ಆದರೆ ತಿರುವು ಬಹಳ.

ಪಣಜಿ ಒಳಗೆ ಕಾರು ತೆಗೆದುಕೊಂಡು ಹೋಗಲೇಬೇಡಿ. ಮೆರವಣಿಗೆಯ ರಸ್ತೆಗಳನ್ನು ಮುಚ್ಚಿರುತ್ತಾರೆ. ಝುವಾರಿ ಸೇತುವೆ ದಾಟಿ, ಅಟಲ್ ಸೇತು ಹಿಡಿದು ಊರ ಮೇಲಿಂದಲೇ ಪರ್ವರಿ ಕಡೆ ಇಳಿಯಿರಿ. ರೂಮನ್ನು ಪರ್ವರಿ ಅಥವಾ ಬೆತಿಯಲ್ಲಿ ಮಾಡಿ. ಕಾರು ಅಲ್ಲೇ ನಿಲ್ಲಲಿ. ಬೆತಿಯಿಂದ ಫೆರ್ರಿ ಹತ್ತಿದರೆ ಮಾಂಡವಿ ದಾಟಿ ನೇರ ಪಣಜಿ. ಕೊನೆಯ ಫೆರ್ರಿ ಎಷ್ಟಕ್ಕೆ ಅಂತ ಹತ್ತುವಾಗಲೇ ಕೇಳಿಕೊಳ್ಳಿ. ಊರೊಳಗೆ ಓಡಾಡಲು ಪೈಲಟ್‌ಗಳಿದ್ದಾರೆ. ಹಳದಿ ಕಪ್ಪು ಬೈಕಿನ ಟ್ಯಾಕ್ಸಿಯವರನ್ನು ಅಲ್ಲಿ ಹಾಗೆ ಕರೆಯುತ್ತಾರೆ. ಒಬ್ಬರೇ ಇರುವವರಿಗೆ ಅದಕ್ಕಿಂತ ಒಳ್ಳೆ ಸವಾರಿ ಇಲ್ಲ. ಹತ್ತುವ ಮುಂಚೆ ರೇಟು ಮಾತಾಡಿ.

ಮಧ್ಯಾಹ್ನದ ಬಿಸಿಲು ಇಳಿಯುವವರೆಗೆ ಫೊಂಟೈನ್ಹಾಸ್‌ನ ಬಣ್ಣದ ಮನೆಗಳ ಓಣಿಗಳಲ್ಲಿ ತಿರುಗಾಡಿ. ಮೆರವಣಿಗೆಯಲ್ಲಿ ಕಿಂಗ್ ಮೋಮೊ ಬರುತ್ತಾನೆ. ತಿನ್ನಿ, ಕುಡಿಯಿರಿ, ಮಜಾ ಮಾಡಿ ಅನ್ನುವುದೇ ಅವನ ಆಜ್ಞೆ. ಹಿಂದೆ ಹಿಂದೆ ಬಣ್ಣದ ಟ್ಯಾಬ್ಲೋಗಳು, ಬ್ಯಾಂಡು. ಫೋನನ್ನು ಸೊಂಟದ ಚೀಲದಲ್ಲಿಟ್ಟು ಮುಂದೆ ಹೋಗಿ ನಿಲ್ಲಿ. ಒಬ್ಬರೇ ಇದ್ದೀವಲ್ಲಾ ಅಂತ ಹಿಂದೆ ಸರಿಯಬೇಡಿ. ಕುಡಿಯುವವರು ಗ್ಲಾಸನ್ನು ಕೈಯಲ್ಲೇ ಇಟ್ಟುಕೊಳ್ಳಿ, ಕಾರಿನ ಕೀಯನ್ನು ರೂಮಿನಲ್ಲೇ ಬಿಡಿ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮದ್ಯ ದಾಟಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡವೋ, ಆರು ತಿಂಗಳವರೆಗೆ ಜೈಲೋ, ಎರಡೂನೋ ಆಗಬಹುದು.

ಭಾನುವಾರ ಮಡಗಾಂವ್‌ನಲ್ಲಿ ಮೆರವಣಿಗೆ. ಅದು ನಿಮ್ಮ ವಾಪಸು ದಾರಿಯಲ್ಲೇ ಇದೆ. ನೋಡಿಕೊಂಡು ಕಾಣಕೋಣದಲ್ಲಿ ಮಲಗಿ, ಸೋಮವಾರ ಬೆಳಗ್ಗೆ ಮಾಜಾಳಿ ದಾಟಿ. ಅಲ್ಲಿ ಅಬಕಾರಿಯವರು ಡಿಕ್ಕಿ ತೆಗೆಸಿ ನೋಡುತ್ತಾರೆ. ಬಾಟಲಿ ತರಬೇಡಿ, ಗೋಡಂಬಿ ತನ್ನಿ.